ಮೂರನೇ ನಂಬರಿನ ರೋಗಿಗಳು: ಮೆಮೋರಿಯಲ್ ಆಸ್ಪತ್ರೆಯ ಒಂದು ಪ್ರಕರಣ ಅಧ್ಯಯನ

2005ರ ಆಗಸ್ಟ್ 29, ಸೋಮವಾರ. ಬೆಳಗ್ಗೆ ಕತ್ರಿನಾ ಚಂಡಮಾರುತ ಅಮೆರಿಕದ ಲೂಯಿಸಿಯಾನ ಕರಾವಳಿಗೆ ಬಡಿಯಿತು. ನ್ಯೂ ಆರ್ಲಿಯನ್ಸ್ ನಗರದ ಮೆಮೋರಿಯಲ್ ಮೆಡಿಕಲ್ ಸೆಂಟರ್‌ನಲ್ಲಿ ಕಿಟಕಿಗಳು ಒಡೆದವು, ಊರಿನ ಕರೆಂಟ್ ಹೋಯಿತು, ಜನರೇಟರ್ ಶುರುವಾಯಿತು. ಗಾಳಿ ನಿಂತ ಮೇಲೆ ಒಳಗಿದ್ದವರಿಗೆ ಹೋದ ಜೀವ ಬಂದಂತಾಯಿತು. ಮಾರನೇ ದಿನ ಬೀದಿಯಲ್ಲಿ ನೀರು ಏರತೊಡಗಿತು. ನಗರವನ್ನು ಕಾಯುತ್ತಿದ್ದ ಒಡ್ಡುಗಳು ಒಡೆದಿದ್ದವು. ನಗರದ ಶೇಕಡ 80ರಷ್ಟು ಭಾಗ ಮುಳುಗಿತು.

ಸೆಪ್ಟೆಂಬರ್ 11ರಂದು ಆ ಆಸ್ಪತ್ರೆಯಿಂದ 45 ಶವಗಳನ್ನು ಹೊರಗೆ ತಂದರು. ಇವರಲ್ಲಿ ಕೆಲವರು ಚಂಡಮಾರುತಕ್ಕೆ ಮುಂಚೆಯೇ ತೀರಿಕೊಂಡವರು. ಉಳಿದವರು ಆ ಐದು ದಿನಗಳಲ್ಲಿ ಸತ್ತವರು. ಹಲವರ ದೇಹದಲ್ಲಿ ನೋವು ಇಳಿಸುವ ಮಾರ್ಫಿನ್ ಮತ್ತು ಮಂಪರು ಬರಿಸುವ ಮಿಡಜೋಲಮ್ ಎಂಬ ಔಷಧಿಗಳು ಸಿಕ್ಕಿದವು. ಗುರುವಾರ ಇವುಗಳ ಇಂಜೆಕ್ಷನ್ ಕೊಟ್ಟು ರೋಗಿಗಳನ್ನು ಕೊಂದರು ಎಂಬ ಆರೋಪದ ಮೇಲೆ ಮುಂದೆ ಒಬ್ಬ ವೈದ್ಯೆ ಮತ್ತು ಇಬ್ಬರು ನರ್ಸ್‌ಗಳ ಬಂಧನವಾಯಿತು.

ವಿಪತ್ತಿನಲ್ಲಿ ಯಾರನ್ನು ಮೊದಲು ನೋಡಬೇಕು ಎಂಬ ಮಾತು ಬಂದಾಗಲೆಲ್ಲ ಈ ಪ್ರಕರಣ ಚರ್ಚೆಗೆ ಬರುತ್ತದೆ. ಸಾಮಾನ್ಯವಾಗಿ ಚರ್ಚೆ ಶುರುವಾಗುವುದು ಗುರುವಾರದ ಇಂಜೆಕ್ಷನ್‌ಗಳಿಂದ. ಕೊಟ್ಟದ್ದು ಸರಿಯೇ ತಪ್ಪೇ, ಅದು ಕೊಲೆಯೇ ಕರುಣೆಯೇ ಎಂದು. ನಾನು ಮಂಗಳವಾರದ ಮಧ್ಯಾಹ್ನದಿಂದ ಶುರು ಮಾಡುತ್ತೇನೆ. ಏಕೆಂದರೆ ಗುರುವಾರ ಯಾವ ರೋಗಿಗಳು ಕಟ್ಟಡದ ಒಳಗೆ ಉಳಿದಿದ್ದರು ಎಂಬುದು ಮಂಗಳವಾರ, ಬುಧವಾರಗಳಲ್ಲೇ ತೀರ್ಮಾನವಾಗಿತ್ತು. ಇಂಜೆಕ್ಷನ್ ಕೊಡುವ ಕೈಗಿಂತ ಮುಂಚೆ ನಂಬರ್ ಬರೆದ ಕೈ ಇತ್ತು.

ಕಟ್ಟಡದ ಒಳಗಿನ ಸ್ಥಿತಿ

ಮೆಮೋರಿಯಲ್ 1926ರಲ್ಲಿ ಬ್ಯಾಪ್ಟಿಸ್ಟ್ ಆಸ್ಪತ್ರೆಯಾಗಿ ಶುರುವಾದದ್ದು. ಎಷ್ಟೋ ಚಂಡಮಾರುತಗಳನ್ನು ಕಂಡ ಗಟ್ಟಿ ಕಟ್ಟಡ. ಹಾಗಾಗಿ ಸಿಬ್ಬಂದಿ ತಮ್ಮ ಮನೆಯವರನ್ನೂ ಸಾಕುಪ್ರಾಣಿಗಳನ್ನೂ ಕರೆತಂದಿದ್ದರು. ಒಳಗೆ ಸುಮಾರು 2,000 ಜನ ಇದ್ದರು. ರೋಗಿಗಳು 200ಕ್ಕೂ ಜಾಸ್ತಿ, ಸಿಬ್ಬಂದಿ ಸುಮಾರು 600. ಆಸ್ಪತ್ರೆ ಟೆನೆಟ್ ಎಂಬ ದೊಡ್ಡ ಕಂಪನಿಯದ್ದು. ಆದರೆ ಏಳನೇ ಮಹಡಿಯನ್ನು ಲೈಫ್‌ಕೇರ್ ಎಂಬ ಬೇರೆ ಸಂಸ್ಥೆ ಬಾಡಿಗೆಗೆ ತೆಗೆದುಕೊಂಡಿತ್ತು. ಅಲ್ಲಿ ದೀರ್ಘಕಾಲದ ಆರೈಕೆ ಬೇಕಾದ 52 ರೋಗಿಗಳಿದ್ದರು. ವೆಂಟಿಲೇಟರ್ ಮೇಲಿದ್ದವರು, ಹಾಸಿಗೆ ಹಿಡಿದವರು, ನಿಧಾನವಾಗಿ ಚೇತರಿಸಿಕೊಳ್ಳುತ್ತಿದ್ದವರು. ಒಂದೇ ಕಟ್ಟಡ, ಎರಡು ಆಡಳಿತ. ಈ ಸಣ್ಣ ಸಂಗತಿ ಮುಂದೆ ದೊಡ್ಡದಾಯಿತು. ಒಂದು ಕಂಪನಿಯ ಸ್ಥಳಾಂತರದ ಲೆಕ್ಕದಲ್ಲಿ ಇನ್ನೊಂದು ಕಂಪನಿಯ ರೋಗಿಗಳು ತಾನಾಗೇ ಸೇರುವುದಿಲ್ಲ, ಅಲ್ವಾ?

ಜನರೇಟರ್‌ಗಳು ಇದ್ದವು. ಆದರೆ ಕರೆಂಟನ್ನು ವಾರ್ಡ್‌ಗಳಿಗೆ ಹಂಚುವ ವ್ಯವಸ್ಥೆಯ ಕೆಲವು ಭಾಗಗಳು ನೆಲಮಟ್ಟದ ಹತ್ತಿರ ಇದ್ದವು. ನೀರು ಅಷ್ಟು ಎತ್ತರ ಬಂದರೆ ಜನರೇಟರ್ ಇದ್ದೂ ಪ್ರಯೋಜನವಿಲ್ಲ. ಬುಧವಾರ ನಸುಕಿನಲ್ಲಿ ಅದೇ ಆಯಿತು. ಇಡೀ ಆಸ್ಪತ್ರೆ ಕತ್ತಲಾಯಿತು. ಲಿಫ್ಟ್ ಇಲ್ಲ, ಎಸಿ ಇಲ್ಲ. ವೆಂಟಿಲೇಟರ್‌ಗಳು ಬ್ಯಾಟರಿ ಮುಗಿಯುವವರೆಗೆ ಓಡಿದವು. ಆಮೇಲೆ ನರ್ಸ್‌ಗಳು ಕೈಯಲ್ಲಿ ಆಂಬು ಬ್ಯಾಗ್ ಹಿಡಿದು, ಒತ್ತಿ ಒತ್ತಿ ಉಸಿರು ಕೊಟ್ಟರು. ಶೌಚಾಲಯಗಳು ತುಂಬಿ ಹರಿದವು. ಗಾಳಿಗಾಗಿ ಕಿಟಕಿ ಗಾಜುಗಳನ್ನು ಒಡೆದರು. ಒಳಗಿನ ಶಾಖ 100 ಡಿಗ್ರಿ ಫ್ಯಾರನ್‌ಹೀಟ್ ದಾಟಿತ್ತು ಎಂದು ಅಲ್ಲಿದ್ದವರು ಹೇಳಿದ್ದಾರೆ.

ಈ ವಿವರಗಳನ್ನು ನಾನು ಸುಮ್ನೆ ಹೇಳುತ್ತಿಲ್ಲ. ಮುಂದೆ ಬರುವ ತೀರ್ಮಾನಗಳನ್ನು ತಣ್ಣನೆಯ ಕೋಣೆಯಲ್ಲಿ ಕೂತು ಓದುವವರು, ಅವನ್ನು ತೆಗೆದುಕೊಂಡವರು ಎರಡು ಮೂರು ದಿನ ಸರಿಯಾಗಿ ನಿದ್ದೆ ಮಾಡಿರಲಿಲ್ಲ ಎಂಬುದನ್ನು ಮರೆಯಬಾರದು. ಅಲ್ಲೇ ಉಳಿದು, ಕತ್ತಲ ಮೆಟ್ಟಿಲಲ್ಲಿ ರೋಗಿಗಳನ್ನು ಹೊತ್ತವರು ಅವರೇ.

ಮಂಗಳವಾರ: ಮೊದಲ ಸಾಲು

ಮಂಗಳವಾರ, ನೀರು ಏರುತ್ತಿದ್ದಾಗ ಸುಮಾರು ಎರಡು ಡಜನ್ ವೈದ್ಯರು ಸೇರಿದರು. ಹೆಲಿಕಾಪ್ಟರ್‌ಗಳು ಬರುತ್ತವೆ, ಆದರೆ ಒಂದೊಂದರಲ್ಲಿ ಹಿಡಿಸುವವರು ಕೆಲವೇ ಮಂದಿ. ಹಾಗಾದರೆ ಯಾರು ಮೊದಲು? ಎಳೆಯ ಶಿಶುಗಳು, ಗರ್ಭಿಣಿಯರು, ಐಸಿಯು ರೋಗಿಗಳು ಮೊದಲು ಹೋಗಲಿ ಎಂದು ಒಪ್ಪಿದರು. ಯಂತ್ರವಿಲ್ಲದೆ ಬದುಕದವರು ಮತ್ತು ಶಾಖ ತಡೆಯದವರು ಮುಂದೆ. ಇದು ಅರ್ಥವಾಗುವ ಮಾತು. ಕಷ್ಟ ಜಾಸ್ತಿ ಇದ್ದವರಿಗೆ ಮೊದಲ ಕೈ ಎಂಬುದು ಯಾವುದೇ ತುರ್ತು ವಿಭಾಗದ ದಿನನಿತ್ಯದ ನಿಯಮ.

ಆದರೆ ಅದೇ ಸಭೆಯಲ್ಲಿ ಇನ್ನೊಂದು ಮಾತು ಬಂತು. ಯಾರ ಕಡತದಲ್ಲಿ ಡಿಎನ್‌ಆರ್, ಅಂದರೆ ಹೃದಯ ನಿಂತರೆ ಮತ್ತೆ ಎಬ್ಬಿಸಬೇಡಿ ಎಂಬ ಆದೇಶ ಇದೆಯೋ ಅವರು ಕೊನೆಗೆ ಹೋಗಲಿ. ಈ ಸಲಹೆ ಕೊಟ್ಟ ಹಿರಿಯ ವೈದ್ಯರು ಮುಂದೆ ಕಾರಣವನ್ನೂ ಹೇಳಿದ್ದಾರೆ. ಡಿಎನ್‌ಆರ್ ಇರುವವರು ಗುಣವಾಗದ ಕಾಯಿಲೆಯವರು, ಬೇರೆಯವರಿಗೆ ಹೋಲಿಸಿದರೆ ಅವರು ಕಳೆದುಕೊಳ್ಳುವುದು ಕಡಿಮೆ ಎಂದು ಅವರು ಭಾವಿಸಿದ್ದರು.

ಇಲ್ಲೇ ನಿಲ್ಲಬೇಕು. ಇಡೀ ಪ್ರಕರಣದಲ್ಲಿ ನನ್ನನ್ನು ಎಲ್ಲಕ್ಕಿಂತ ಜಾಸ್ತಿ ಕಾಡುವ ಜಾಗ ಇದು. ಗುರುವಾರವಲ್ಲ.

ಡಿಎನ್‌ಆರ್ ಎಂದರೆ ಏನು? ನನ್ನ ಹೃದಯ ನಿಂತರೆ, ಉಸಿರು ನಿಂತರೆ, ಎದೆ ಒತ್ತಿ ಶಾಕ್ ಕೊಟ್ಟು ಮತ್ತೆ ಎಬ್ಬಿಸಲು ಹೋಗಬೇಡಿ ಎಂಬ ಕೋರಿಕೆ. ಅಷ್ಟೇ. ನನಗೆ ಆಂಟಿಬಯಾಟಿಕ್ ಕೊಡಬೇಡಿ ಎಂದಲ್ಲ. ನೀರು ಕೊಡಬೇಡಿ ಎಂದಲ್ಲ. ಮುಳುಗುವ ಕಟ್ಟಡದಲ್ಲಿ ನನ್ನನ್ನು ಬಿಟ್ಟುಹೋಗಿ ಎಂದಂತೂ ಅಲ್ಲವೇ ಅಲ್ಲ. ಆ ಕಾಗದಕ್ಕೆ ಒಪ್ಪಿಗೆ ಕೊಡುವಾಗ ರೋಗಿಯ ಅಥವಾ ಮನೆಯವರ ಮನಸ್ಸಿನಲ್ಲಿ ಇದ್ದದ್ದು ಒಂದು ನೆಮ್ಮದಿಯ ಸಾವು. ಕೆಲವರು ಡಿಎನ್‌ಆರ್ ಹಾಕಿಸಿಕೊಂಡು ವರ್ಷಗಟ್ಟಲೆ ಬದುಕುತ್ತಾರೆ, ಮೊಮ್ಮಕ್ಕಳ ಜೊತೆ ಮಾತಾಡುತ್ತಾರೆ. ಇನ್ನು ಕೆಲವರು ತುಂಬಾ ಕಾಯಿಲೆ ಇದ್ದರೂ ಆ ಮಾತನ್ನೇ ಎತ್ತಿರುವುದಿಲ್ಲ. ಹಾಗಾಗಿ ಡಿಎನ್‌ಆರ್ ಇದೆಯೋ ಇಲ್ಲವೋ ಎಂಬುದರಿಂದ ಆ ರೋಗಿ ಇವತ್ತು ಎಷ್ಟು ಹುಷಾರಾಗಿದ್ದಾನೆ ಎಂದು ಹೇಳಲು ಬರುವುದಿಲ್ಲ. ಅವನ ಮನೆಯಲ್ಲಿ ಸಾವಿನ ಬಗ್ಗೆ ಮುಂಚಿತವಾಗಿ ಮಾತಾಡಿದ್ದಾರೆ ಎಂದಷ್ಟೇ ಅದು ಹೇಳುತ್ತದೆ.

ಒಂದು ಉದ್ದೇಶಕ್ಕೆ ಪಡೆದ ಒಪ್ಪಿಗೆಯನ್ನು ಇನ್ನೊಂದು ಉದ್ದೇಶಕ್ಕೆ ಬಳಸಿದರು. ರೋಗಿಗಳನ್ನು ಕೇಳಲಿಲ್ಲ. ಮನೆಯವರನ್ನು ಕೇಳಲಿಲ್ಲ. ಪಕ್ಕದಲ್ಲೇ ಕೂತು ಬೀಸಣಿಗೆ ಬೀಸುತ್ತಿದ್ದ ಮಗಳಿಗೂ ಅಪ್ಪ ಯಾವ ಸಾಲಿನಲ್ಲಿದ್ದಾರೆ ಎಂದು ಗೊತ್ತಿರಲು ಸಾಧ್ಯವಿರಲಿಲ್ಲ. ಆ ಕಾಗದ ಇಂಥ ದಿನ ಇಂಥ ಕೆಲಸಕ್ಕೆ ಬರುತ್ತದೆ ಎಂದು ಗೊತ್ತಿದ್ದರೆ ಯಾರಾದರೂ ಒಪ್ಪುತ್ತಿದ್ದರೇ? ಈ ಪ್ರಶ್ನೆಗೆ ಆ ಸಭೆಯಲ್ಲಿ ಜಾಗವೇ ಇರಲಿಲ್ಲ.

ಇದೇ ದಿನದ ಇನ್ನೊಂದು ಸಂಗತಿ. ಮಂಗಳವಾರ ರಾತ್ರಿ ಕೋಸ್ಟ್ ಗಾರ್ಡ್ ಹೆಲಿಕಾಪ್ಟರ್‌ಗಳು ಇನ್ನಷ್ಟು ರೋಗಿಗಳನ್ನು ಒಯ್ಯಲು ತಯಾರಿದ್ದವು. ಆಸ್ಪತ್ರೆಯವರು ಬೆಳಗಿನವರೆಗೆ ಬೇಡ ಎಂದರು. ಹೆಲಿಪ್ಯಾಡ್‌ನಲ್ಲಿ ಸರಿಯಾದ ಬೆಳಕಿರಲಿಲ್ಲ, ಅಂಚಿಗೆ ಕಟಾಂಜನ ಇರಲಿಲ್ಲ, ಹೊರುವವರು ಸೋತಿದ್ದರು. ಆ ಹೊತ್ತಿಗೆ ಅದು ಜವಾಬ್ದಾರಿಯ ತೀರ್ಮಾನದಂತೆಯೇ ಕಂಡಿರಬೇಕು. ಕೆಲವೇ ಗಂಟೆಗಳಲ್ಲಿ ಕರೆಂಟ್ ಹೋಗುತ್ತದೆ ಎಂದು ಆಗ ಅವರಿಗೆ ಖಚಿತವಾಗಿ ಗೊತ್ತಿರಲಿಲ್ಲ. ನಾನು ಇದನ್ನು ತಪ್ಪು ಎಂದು ಹೇಳಲಾರೆ. ಆದರೆ ಕೊರತೆ ಎಂಬುದು ಯಾವಾಗಲೂ ಮೇಲಿಂದ ಬೀಳುವುದಲ್ಲ, ಸ್ವಲ್ಪ ಭಾಗ ನಮ್ಮ ತೀರ್ಮಾನಗಳಿಂದಲೂ ಹುಟ್ಟುತ್ತದೆ ಎಂಬುದಕ್ಕೆ ಇದು ಸಾಕ್ಷಿ.

ಬುಧವಾರ: ಎದೆಯ ಮೇಲಿನ ಅಂಕಿ

ಬುಧವಾರ ಬೆಳಗಾದಾಗ ಒಳಗೆ ಇನ್ನೂ ನೂರಕ್ಕೂ ಜಾಸ್ತಿ ರೋಗಿಗಳಿದ್ದರು. ಈಗ ಸಾಗಿಸುವ ದಾರಿ ಹೀಗಿತ್ತು. ಮೇಲಿನ ಮಹಡಿಗಳಿಂದ ಕತ್ತಲ ಮೆಟ್ಟಿಲಲ್ಲಿ ಸ್ಟ್ರೆಚರ್ ಹೊತ್ತು ಎರಡನೇ ಮಹಡಿಗೆ ಇಳಿಸಬೇಕು. ಅಲ್ಲಿ ಯಂತ್ರಗಳ ಕೋಣೆಯ ಗೋಡೆಯಲ್ಲಿ ಸುಮಾರು ಮೂರು ಅಡಿ ಅಗಲದ ಒಂದು ತೂತು. ಅದರೊಳಗಿಂದ ರೋಗಿಯನ್ನು ಪಾರ್ಕಿಂಗ್ ಕಟ್ಟಡಕ್ಕೆ ತೂರಿಸಬೇಕು. ಅಲ್ಲಿಂದ ಟ್ರಕ್ಕಿನ ಹಿಂಭಾಗದಲ್ಲಿ ಮಲಗಿಸಿ ಮೇಲಕ್ಕೆ. ಆಮೇಲೆ ಮತ್ತೆ ಮೆಟ್ಟಿಲು ಹತ್ತಿ ಹೆಲಿಪ್ಯಾಡ್. ಒಬ್ಬ ರೋಗಿಗೆ ಎಷ್ಟು ಜನರ ಕೈ, ಎಷ್ಟು ಹೊತ್ತು ಬೇಕು ಎಂದು ಊಹಿಸಿ. ಈಗ ಕೊರತೆ ಇದ್ದದ್ದು ಹೆಲಿಕಾಪ್ಟರಿಗೆ ಮಾತ್ರವಲ್ಲ. ಹೊರುವ ತೋಳುಗಳಿಗೂ.

ವೈದ್ಯರು ರೋಗಿಗಳನ್ನು ಮೂರು ಗುಂಪು ಮಾಡಿದರು. ಎದ್ದು ಕೂರುವ ಅಥವಾ ನಡೆಯುವ ಶಕ್ತಿ ಇದ್ದವರು 1. ಇನ್ನಷ್ಟು ಸಹಾಯ ಬೇಕಾದವರು 2. ತುಂಬಾ ಕಾಯಿಲೆ ಇದ್ದವರು ಮತ್ತು ಡಿಎನ್‌ಆರ್ ಇದ್ದವರು 3. ಅಂಕಿಯನ್ನು ಕಾಗದದ ಮೇಲೆ ಬರೆದು ರೋಗಿಯ ಎದೆಗೆ ಟೇಪ್ ಹಾಕಿ ಅಂಟಿಸಿದರು. 1 ಮೊದಲು ಹೊರಡುತ್ತಾರೆ, 3 ಕೊನೆಗೆ.

ನೋಡಿ, ಒಂದೇ ದಿನದಲ್ಲಿ ಸಾಲು ತಿರುವುಮುರುವಾಯಿತು. ಮಂಗಳವಾರ ಕಾಯಿಲೆ ಜಾಸ್ತಿ ಇದ್ದವರು ಮೊದಲು. ಬುಧವಾರ ಗಟ್ಟಿಯಾಗಿದ್ದವರು ಮೊದಲು.

ಇದಕ್ಕೆ ಇತಿಹಾಸದಲ್ಲಿ ಎರಡೂ ಕಡೆ ಬೇರುಗಳಿವೆ. ಯಾರನ್ನು ಮೊದಲು ನೋಡಬೇಕು ಎಂದು ರೋಗಿಗಳನ್ನು ಹೀಗೆ ವಿಂಗಡಿಸುವುದಕ್ಕೆ ಟ್ರಯಾಜ್ ಎನ್ನುತ್ತಾರೆ. ಆರಿಸು, ವಿಂಗಡಿಸು ಎಂಬ ಅರ್ಥದ ಫ್ರೆಂಚ್ ಪದದಿಂದ ಬಂದದ್ದು. ನೆಪೋಲಿಯನ್ ಸೇನೆಯ ಶಸ್ತ್ರವೈದ್ಯ ಡೊಮಿನಿಕ್ ಜಾನ್ ಲಾರೆ ಹುದ್ದೆ ನೋಡದೆ ಗಾಯ ನೋಡಿ ಎಂದರು. ಸೇನಾಧಿಕಾರಿಯೋ ಸಾಮಾನ್ಯ ಸಿಪಾಯಿಯೋ, ಗಾಯ ದೊಡ್ಡದಿದ್ದರೆ ಅವನೇ ಮೊದಲು. 1846ರಲ್ಲಿ ಬ್ರಿಟಿಷ್ ನೌಕಾಪಡೆಯ ಶಸ್ತ್ರವೈದ್ಯ ಜಾನ್ ವಿಲ್ಸನ್ ಇನ್ನೊಂದು ಮಾತು ಸೇರಿಸಿದರು. ಏನು ಮಾಡಿದರೂ ಉಳಿಯದವರನ್ನೂ ತಡವಾದರೂ ತೊಂದರೆಯಾಗದವರನ್ನೂ ಪಕ್ಕಕ್ಕಿಟ್ಟು, ಈಗ ಕೈಹಾಕಿದರೆ ಉಳಿಯುವವರನ್ನು ನೋಡಿ ಎಂದರು. ಇವತ್ತಿನ ಎಲ್ಲ ಟ್ರಯಾಜ್ ಪದ್ಧತಿಗಳು ಈ ಎರಡು ಮಾತುಗಳ ನಡುವೆ ಎಲ್ಲೋ ನಿಂತಿವೆ.

1983ರಲ್ಲಿ ಕ್ಯಾಲಿಫೋರ್ನಿಯಾದ ಹೋಗ್ ಆಸ್ಪತ್ರೆ ಮತ್ತು ನ್ಯೂಪೋರ್ಟ್ ಬೀಚ್ ಅಗ್ನಿಶಾಮಕ ದಳ ಸೇರಿ ರೂಪಿಸಿದ ಸ್ಟಾರ್ಟ್ ಎಂಬ ಟ್ರಯಾಜ್ ಪದ್ಧತಿಯನ್ನೇ ತೆಗೆದುಕೊಳ್ಳಿ. ನಡೆಯುವವರಿಗೆ ಹಸಿರು ಪಟ್ಟಿ. ಉಸಿರು ನಿಮಿಷಕ್ಕೆ 30ಕ್ಕಿಂತ ಜಾಸ್ತಿ ಇದ್ದರೆ, ಮಣಿಕಟ್ಟಿನಲ್ಲಿ ನಾಡಿ ಸಿಗದಿದ್ದರೆ, ಸರಳ ಮಾತನ್ನು ಪಾಲಿಸಲು ಆಗದಿದ್ದರೆ ಕೆಂಪು. ಉಳಿದವರಿಗೆ ಹಳದಿ. ಉಸಿರಿನ ದಾರಿ ತೆರೆದರೂ ಉಸಿರು ಬಾರದಿದ್ದರೆ ಕಪ್ಪು. ಇದರ ಒಳ್ಳೆಯತನ ಏನೆಂದರೆ ಅದು ನೋಡುವುದು ಈಗ, ಈ ಕ್ಷಣ ಈ ದೇಹ ಏನು ಮಾಡುತ್ತಿದೆ ಎಂಬುದನ್ನು. ವಯಸ್ಸು ಕೇಳುವುದಿಲ್ಲ. ಹಳೆಯ ಕಾಗದ ಕೇಳುವುದಿಲ್ಲ. ಇವನು ಮನೆಗೆ ಹೋಗಿ ಎಷ್ಟು ವರ್ಷ ಬದುಕಿಯಾನು ಎಂದು ಗುಣಿಸುವುದಿಲ್ಲ.

ಅದಕ್ಕೆ ಮಿತಿಗಳೂ ಇವೆ. ಅದು ರಸ್ತೆ ಅಪಘಾತ, ಸ್ಫೋಟದಂಥ ಗಾಯಗಳಿಗೆ ಮಾಡಿದ್ದು. ತಿಂಗಳುಗಟ್ಟಲೆ ಹಾಸಿಗೆ ಹಿಡಿದವರಿಂದ ತುಂಬಿದ ಆಸ್ಪತ್ರೆಯನ್ನು ಖಾಲಿ ಮಾಡಲು ಅಲ್ಲ. ಮೆಮೋರಿಯಲ್‌ನವರ ಕೈಯಲ್ಲಿ ಅವರ ಪರಿಸ್ಥಿತಿಗೆ ಹೊಂದುವ ಸಿದ್ಧ ಪದ್ಧತಿ ಇರಲಿಲ್ಲ. ಅವರು ಅಲ್ಲೇ ಒಂದನ್ನು ಹುಟ್ಟುಹಾಕಿದರು.

ಗಟ್ಟಿಯಾಗಿರುವವರು ಮೊದಲು ಎಂಬ ನಿಯಮವೇ ಅನೀತಿ ಎಂದು ನಾನು ಒಪ್ಪುವುದಿಲ್ಲ. ಒಬ್ಬ ಭಾರದ ರೋಗಿಯನ್ನು ಸಾಗಿಸುವ ಹೊತ್ತಿನಲ್ಲಿ ಐದು ಜನ ನಡೆದು ಹೋಗಬಹುದು, ದೋಣಿ ಬಂದು ನಿಂತಿದೆ, ಮುಂದಿನ ದೋಣಿ ಬರುತ್ತದೋ ಇಲ್ಲವೋ ಗೊತ್ತಿಲ್ಲ ಎಂದಾದರೆ ನಡೆಯುವವರನ್ನು ಕಳಿಸುವುದು ವಿವೇಕದ ಮಾತು. ಅದರಲ್ಲೂ ಹೋದವರಿಂದ ಒಳಗೆ ನೀರು, ಆಹಾರ, ಕೆಲಸ ಎಲ್ಲವೂ ಹಗುರವಾಗುತ್ತದೆ. ಆದರೆ ಈ ವಾದಕ್ಕೆ ಒಂದು ಷರತ್ತಿದೆ. ಕೊರತೆ ಹಾಗೇ ಇರುವವರೆಗೆ ಮಾತ್ರ ಅದು ನಿಲ್ಲುತ್ತದೆ. ಮುಂದಿನ ದೋಣಿ ಬಂದಾಗ ಮತ್ತೆ ಕೇಳಬೇಕು: ಈಗ ಯಾರು?

ಮೆಮೋರಿಯಲ್‌ನಲ್ಲಿ ಹಾಗೆ ಆಗಲಿಲ್ಲ. 3 ಎಂದು ಬರೆಸಿಕೊಂಡವರನ್ನು ಎರಡನೇ ಮಹಡಿಯ ಲಾಬಿಯ ಒಂದು ಮೂಲೆಗೆ ಸರಿಸಿದರು. ನರ್ಸ್‌ಗಳು ಬಾಯಿ ಒದ್ದೆ ಮಾಡಿದರು, ಗಾಳಿ ಬೀಸಿದರು. ಆದರೆ ಯಾರೂ ಪಟ್ಟಿಯನ್ನು ಮತ್ತೆ ತೆರೆಯಲಿಲ್ಲ. ಸರದಿಯನ್ನು ಹೇಳಬೇಕಿದ್ದ ಅಂಕಿ ನಿಧಾನವಾಗಿ ಮನುಷ್ಯನನ್ನೇ ಹೇಳತೊಡಗಿತು. ಇವರು ಕೊನೆಗೆ ಹೋಗುತ್ತಾರೆ ಎಂಬುದು ಇವರು ಹೋಗುವುದಿಲ್ಲ ಎಂದಾಯಿತು. ಯಾರೂ ಹಾಗೆ ಆದೇಶ ಕೊಟ್ಟಿರಲಿಲ್ಲ. ಸುಸ್ತು, ಶಾಖ, ಗುಂಡಿನ ಸದ್ದು, ಊರಲ್ಲಿ ಲೂಟಿಯಂತೆ ಎಂಬ ಗಾಳಿಮಾತು, ಹೊರಗಿನಿಂದ ಸುದ್ದಿಯೇ ಇಲ್ಲದಿರುವುದು, ಇವೆಲ್ಲ ಸೇರಿ ತಾನಾಗೇ ಆದದ್ದು ಅದು.

ಗುರುವಾರ

ಗುರುವಾರ, ಸೆಪ್ಟೆಂಬರ್ 1. ಈ ದಿನ ಸಹಾಯ ಬಂತು. ದೋಣಿಗಳು ಬಂದವು, ಕಂಪನಿ ಬಾಡಿಗೆಗೆ ಹಿಡಿದ ಹೆಲಿಕಾಪ್ಟರ್‌ಗಳು ಬಂದವು, ಸರ್ಕಾರದವೂ ಬಂದವು. ಎರಡು ದಿನದಿಂದ ಕಾಯುತ್ತಿದ್ದ ಗಳಿಗೆ.

ಅದೇ ದಿನ ಲಾಬಿಯ ಮೂಲೆಯಲ್ಲೂ ಏಳನೇ ಮಹಡಿಯಲ್ಲೂ ಹಲವು ರೋಗಿಗಳು ಸತ್ತರು. ಇವರಲ್ಲಿ ಏಳನೇ ಮಹಡಿಯ ಒಬ್ಬ ಮನುಷ್ಯನ ಬಗ್ಗೆ ಹೇಳಲೇಬೇಕು. ಅವರಿಗೆ ಪ್ರಜ್ಞೆ ಇತ್ತು. ಮಾತಾಡುತ್ತಿದ್ದರು. ಅಂದು ಬೆಳಗ್ಗೆ ತಿಂಡಿ ತಿಂದಿದ್ದರು. ಆದರೆ ಪಾರ್ಶ್ವವಾಯು ಆಗಿತ್ತು, ದೇಹ ತುಂಬಾ ಭಾರ. ಏಳು ಮಹಡಿ ಇಳಿಸಿ, ಆ ತೂತಿನಲ್ಲಿ ತೂರಿಸಿ, ಮೇಲಕ್ಕೆ ಹೊರುವುದು ಆಗದ ಮಾತು ಎಂದು ಅಲ್ಲಿದ್ದವರಿಗೆ ಅನಿಸಿತ್ತು. ಆಮೇಲೆ ಸಿಕ್ಕ ಶವಗಳಲ್ಲಿ ಅವರದ್ದೂ ಇತ್ತು. ಅವರ ದೇಹದಲ್ಲೂ ಆ ಔಷಧಿಗಳು ಸಿಕ್ಕಿದವು.

ನೋವಿನಲ್ಲಿ ಸಾಯುತ್ತಿರುವವರಿಗೆ ಮಾರ್ಫಿನ್ ಕೊಡುವುದು ಒಳ್ಳೆಯ ವೈದ್ಯಕೀಯವೇ. ಅದರಿಂದ ಉಸಿರು ನಿಧಾನವಾಗಬಹುದು ಎಂದು ಗೊತ್ತಿದ್ದೂ, ನೋವು ಇಳಿಸುವ ಉದ್ದೇಶದಿಂದ, ನೋವಿಗೆ ತಕ್ಕಷ್ಟು ಕೊಡುವುದನ್ನು ವೈದ್ಯ ನೀತಿ ಒಪ್ಪುತ್ತದೆ. ಬಂಧನಕ್ಕೊಳಗಾದ ವೈದ್ಯೆಯೂ ತಾನು ಮಾಡಿದ್ದು ನೋವು ಇಳಿಸುವ ಕೆಲಸ, ಕೊಲೆಯಲ್ಲ ಎಂದೇ ಹೇಳಿದರು. ಯಾರ ಮನಸ್ಸಿನಲ್ಲಿ ಏನಿತ್ತು ಎಂದು ಹೊರಗಿನಿಂದ ತೀರ್ಪು ಕೊಡುವುದು ಈ ಬರಹದ ಕೆಲಸವಲ್ಲ. ಆದರೆ ಸಾಯುತ್ತಿಲ್ಲದ, ಸಾಗಿಸಲು ಕಷ್ಟವಾದ ಮನುಷ್ಯ ಮತ್ತು ಸಾಯುತ್ತಿರುವ ಮನುಷ್ಯ, ಇಬ್ಬರೂ ಒಂದೇ ಗುಂಪಿಗೆ ಬಿದ್ದದ್ದು ಹೇಗೆ ಎಂದು ಕೇಳಲೇಬೇಕು. ಟ್ರಯಾಜ್‌ನಲ್ಲಿ ಇವೆರಡು ಬೇರೆ ಬೇರೆ ಸಂಗತಿ. ಒಂದು ಕಾಯಿಲೆಯ ಮಾತು, ಇನ್ನೊಂದು ಸ್ಟ್ರೆಚರ್ ಹೊರುವವರ ಮಾತು. ಎರಡಕ್ಕೂ ಒಂದೇ 3 ಎಂದು ಬರೆದರೆ, ಎರಡನೆಯವನ ತೊಂದರೆಗೆ ಇದ್ದ ಪರಿಹಾರ ಅಂದರೆ ಇನ್ನಷ್ಟು ಕೈಗಳು ಎಂಬುದು ಕಣ್ಣಿನಿಂದ ಮರೆಯಾಗುತ್ತದೆ.

ಕಾನೂನು ಎಲ್ಲಿ ನಿಂತಿತು

ಇದನ್ನು ಚಿಕ್ಕದಾಗಿ ಹೇಳಿಬಿಡುತ್ತೇನೆ. 2006ರ ಜುಲೈನಲ್ಲಿ ಮೂವರ ಬಂಧನವಾಯಿತು. ನರ್ಸ್‌ಗಳು ಸಾಕ್ಷ್ಯ ಹೇಳಿದರು, ಅವರ ಮೇಲಿನ ಆರೋಪಗಳನ್ನು ಕೈಬಿಟ್ಟರು. 2007ರ ಜುಲೈನಲ್ಲಿ ಗ್ರ್ಯಾಂಡ್ ಜ್ಯೂರಿ, ಅಂದರೆ ಮೊಕದ್ದಮೆ ಹೂಡಬೇಕೇ ಎಂದು ತೀರ್ಮಾನಿಸುವ ನಾಗರಿಕರ ಮಂಡಳಿ, ವೈದ್ಯೆಯ ಮೇಲೆ ಆರೋಪ ಹೊರಿಸಲು ಒಪ್ಪಲಿಲ್ಲ. ಅಲ್ಲಿಗೆ ಕ್ರಿಮಿನಲ್ ಪ್ರಕರಣ ಮುಗಿಯಿತು. ಯಾರನ್ನೂ ತಪ್ಪಿತಸ್ಥರು ಎಂದು ಯಾವ ಕೋರ್ಟೂ ಹೇಳಿಲ್ಲ. 2008ರಲ್ಲಿ ಲೂಯಿಸಿಯಾನ ರಾಜ್ಯ, ವಿಪತ್ತಿನಲ್ಲಿ ಕೆಲಸ ಮಾಡುವ ವೈದ್ಯರು ಮತ್ತು ನರ್ಸ್‌ಗಳಿಗೆ ಸಿವಿಲ್ ದಾವೆಗಳಿಂದ ರಕ್ಷಣೆ ಕೊಡುವ ಕಾನೂನುಗಳನ್ನು ತಂದಿತು. ಬೇಕಂತಲೇ ಮಾಡಿದ ತಪ್ಪಿಗೆ ಆ ರಕ್ಷಣೆ ಇಲ್ಲ. ಆಸ್ಪತ್ರೆಯಲ್ಲಿ ಸಿಲುಕಿದವರು, ಸತ್ತವರ ಮನೆಯವರು ಹೂಡಿದ್ದ ದಾವೆಯಲ್ಲಿ ಟೆನೆಟ್ ಕಂಪನಿ 2011ರಲ್ಲಿ 2.5 ಕೋಟಿ ಡಾಲರ್ ಕೊಟ್ಟು ರಾಜಿ ಮಾಡಿಕೊಂಡಿತು. ಆ ದಾವೆಯ ಹೃದಯದಲ್ಲಿದ್ದದ್ದು ಇಂಜೆಕ್ಷನ್ ಅಲ್ಲ. ತಯಾರಿ ಸಾಲದು, ಕರೆಂಟ್ ವ್ಯವಸ್ಥೆ ಪ್ರವಾಹಕ್ಕೆ ಸಿದ್ಧವಿರಲಿಲ್ಲ ಎಂಬ ದೂರು.

ಕೋರ್ಟು ಕೇಳುವ ಪ್ರಶ್ನೆ ಒಬ್ಬ ವ್ಯಕ್ತಿ ಅಪರಾಧ ಮಾಡಿದಳೇ ಎಂಬುದು. ನೆಲಮಟ್ಟದಲ್ಲಿದ್ದ ಸ್ವಿಚ್‌ಗಳು, ಎರಡು ಆಡಳಿತದ ಕಟ್ಟಡ, ಕಾಗದದ ಮೇಲಿನ 3, ಇವುಗಳಲ್ಲಿ ಯಾವುದಕ್ಕೂ ಕೈಕೋಳ ತೊಡಿಸಲು ಬರುವುದಿಲ್ಲ.

ಹತ್ತಿರದ ಇನ್ನೊಂದು ಆಸ್ಪತ್ರೆ

ಅದೇ ನಗರದಲ್ಲಿ ಚಾರಿಟಿ ಆಸ್ಪತ್ರೆ ಇತ್ತು. ಸರ್ಕಾರಿ ಆಸ್ಪತ್ರೆ, ಬಡವರು ಜಾಸ್ತಿ ಬರುವ ಜಾಗ. ಅಲ್ಲೂ ನೀರು ಬಂತು, ಕರೆಂಟ್ ಹೋಯಿತು, ಶಾಖ ಅಷ್ಟೇ ಇತ್ತು. ಸಹಾಯ ಇನ್ನೂ ತಡವಾಗಿ ಬಂತು. ಅಲ್ಲಿಂದ ರೋಗಿಗಳು ಪೂರ್ತಿ ಹೊರಟದ್ದು ಶುಕ್ರವಾರ. ಆದರೂ ಅಲ್ಲಿ ಸತ್ತವರ ಸಂಖ್ಯೆ ಮೆಮೋರಿಯಲ್‌ಗಿಂತ ತುಂಬಾ ಕಡಿಮೆ.

ಎರಡು ಆಸ್ಪತ್ರೆಗಳನ್ನು ಪಕ್ಕಪಕ್ಕ ಇಟ್ಟು ತೂಗುವುದು ಪೂರ್ತಿ ನ್ಯಾಯವಲ್ಲ. ರೋಗಿಗಳು ಬೇರೆ, ಕಟ್ಟಡ ಬೇರೆ. ಆದರೂ ಎರಡು ಸಂಗತಿ ಕಣ್ಣಿಗೆ ಬೀಳುತ್ತವೆ. ಚಾರಿಟಿಯಲ್ಲಿ ಸಿಬ್ಬಂದಿ ಪಾಳಿಯ ಪ್ರಕಾರ ಕೆಲಸ ಮಾಡಿದರು, ಸಾಧ್ಯವಾದಷ್ಟು ದಿನಚರಿ ಬಿಡಲಿಲ್ಲ. ಮತ್ತು ಅಲ್ಲಿ ಕಾಯಿಲೆ ಜಾಸ್ತಿ ಇದ್ದವರನ್ನು ಕೊನೆಗೆ ತಳ್ಳಲಿಲ್ಲ, ಮೊದಲು ಕಳಿಸಲು ನೋಡಿದರು. ಪಾಳಿ ಎಂಬುದು ನೀತಿಯ ಮಾತೇ ಅಲ್ಲ ಎಂದು ಅನಿಸಬಹುದು. ನನಗೆ ಅದು ಟ್ರಯಾಜ್ ನೀತಿಯ ಮೊದಲ ಪಾಠದಂತೆ ಕಾಣುತ್ತದೆ. ಪಾಳಿ ಬದಲಾದಾಗ ಹೊಸ ಕಣ್ಣು ಬರುತ್ತದೆ. ಹೊಸ ಕಣ್ಣು ರೋಗಿಯನ್ನು ಮೊದಲ ಸಲ ನೋಡುತ್ತದೆ. 3 ಎಂದು ಬರೆದ ಕಾಗದ ನೋಡಿ, ಇವರು ಯಾಕೆ ಇಲ್ಲಿದ್ದಾರೆ ಎಂದು ಕೇಳುತ್ತದೆ. ನಿದ್ದೆಗೆಟ್ಟ ಕಣ್ಣಿಗೆ ಆ ಪ್ರಶ್ನೆ ಹುಟ್ಟುವುದಿಲ್ಲ.

ಯಾರು ತೀರ್ಮಾನಿಸಬೇಕು, ಎಷ್ಟು ಸಲ

ಕತ್ರಿನಾ ಆದ ಮೇಲೆ ಈ ವಿಷಯದಲ್ಲಿ ಬಹಳ ಕೆಲಸ ನಡೆದಿದೆ. 2009ರಲ್ಲಿ ಅಮೆರಿಕದ ಇನ್‌ಸ್ಟಿಟ್ಯೂಟ್ ಆಫ್ ಮೆಡಿಸಿನ್ ವಿಪತ್ತಿನ ಕಾಲದ ಆರೈಕೆಗೆ ಮಾರ್ಗಸೂಚಿ ಕೊಟ್ಟಿತು. ಅದರಲ್ಲಿ ನ್ಯಾಯ, ಮುಚ್ಚುಮರೆ ಇಲ್ಲದಿರುವುದು, ಹೊಣೆಗಾರಿಕೆ ಎಂಬ ಮಾತುಗಳ ಜೊತೆಗೆ ಇನ್ನೊಂದು ಇತ್ತು. ನಿರ್ಬಂಧ ಕೊರತೆಗೆ ತಕ್ಕಷ್ಟೇ ಇರಬೇಕು. ಕೊರತೆ ಕರಗಿದಂತೆ ನಿರ್ಬಂಧವೂ ಕರಗಬೇಕು. 2008ರ ಸುಮಾರಿಗೆ ಬಂದ ಸಾಲ್ಟ್ ಎಂಬ ಟ್ರಯಾಜ್ ಪದ್ಧತಿಯಲ್ಲಿ ಸತ್ತವರ ಕಪ್ಪು ಪಟ್ಟಿಗೂ, ಉಳಿಯುವುದು ಕಷ್ಟ ಎಂಬವರಿಗೂ ಬೇರೆ ಬೇರೆ ಬಣ್ಣ ಇಟ್ಟರು. ಎರಡನೆಯದು ಬೂದು. ಬೂದು ಪಟ್ಟಿಯವರನ್ನು ಬಿಟ್ಟುಬಿಡಿ ಎಂದಲ್ಲ. ಮೊದಲ ಸುತ್ತು ಮುಗಿದು ಕೈ ಬಿಡುವಾದಾಗ ಮತ್ತೆ ಅವರ ಹತ್ತಿರ ಬನ್ನಿ ಎಂದು. ಅಷ್ಟು ಸಣ್ಣ ಬದಲಾವಣೆ. ಮೆಮೋರಿಯಲ್‌ನ ಲಾಬಿಯಲ್ಲಿ ಇಲ್ಲದೇ ಹೋದದ್ದು ಅದೇ.

ಕಾಗದದ ಮೇಲೆ ನಿಯಮ ಬರೆದ ಮಾತ್ರಕ್ಕೆ ಅದು ನ್ಯಾಯವಾಗುವುದಿಲ್ಲ ಎಂಬುದೂ ಗೊತ್ತಾಗಿದೆ. ಅಲಬಾಮ ರಾಜ್ಯದ ಹಳೆಯ ಯೋಜನೆಯೊಂದು ವೆಂಟಿಲೇಟರ್ ಕೊರತೆ ಬಂದಾಗ ತೀವ್ರ ಬುದ್ಧಿಮಾಂದ್ಯತೆ ಇರುವವರನ್ನು ಹಿಂದಕ್ಕೆ ಸರಿಸುವಂತಿತ್ತು. 2020ರಲ್ಲಿ ಕೋವಿಡ್ ಬಂದಾಗ ಅಂಗವಿಕಲರ ಪರ ಕೆಲಸ ಮಾಡುವವರು ದೂರು ಕೊಟ್ಟರು. ಏಪ್ರಿಲ್‌ನಲ್ಲಿ ರಾಜ್ಯ ಅದನ್ನು ಕೈಬಿಟ್ಟಿತು. ಡಿಎನ್‌ಆರ್ ಕತೆಯ ತಮ್ಮನೇ ಇದು. ಈಗ ಉಳಿಯುತ್ತಾರಾ ಎಂಬ ಪ್ರಶ್ನೆ ಕೇಳಬೇಕಾದ ಕಡೆ, ಇವರ ಬದುಕು ಎಂಥದ್ದು ಎಂಬ ಪ್ರಶ್ನೆ ಮೆಲ್ಲಗೆ ಬಂದು ಕೂತಿತ್ತು.

ಮೇರಿಲ್ಯಾಂಡ್ ರಾಜ್ಯದಲ್ಲಿ ಸಂಶೋಧಕರು ಬೇರೆ ದಾರಿ ಹಿಡಿದರು. ಸಾಮಾನ್ಯ ಜನರನ್ನೇ ಗುಂಪು ಗುಂಪಾಗಿ ಕೂರಿಸಿ, ವೆಂಟಿಲೇಟರ್ ಸಾಲದೇ ಬಂದರೆ ಯಾರಿಗೆ ಕೊಡೋಣ ಎಂದು ಕೇಳಿದರು. ವಿಪತ್ತು ಬರುವ ಮುಂಚೆ, ಹಗಲು ಹೊತ್ತಿನಲ್ಲಿ. ನನಗೆ ಇದು ತುಂಬಾ ಹಿಡಿಸುತ್ತದೆ. ಯಾರಿಗೆ ಮೊದಲು ಎಂಬುದು ಬರೀ ವೈದ್ಯಕೀಯದ ಪ್ರಶ್ನೆಯಲ್ಲ. ಉಸಿರು ನಿಮಿಷಕ್ಕೆ ಎಷ್ಟು ಎಂದು ವೈದ್ಯರು ಹೇಳಬಲ್ಲರು. ಯಾರು ಕಳೆದುಕೊಳ್ಳುವುದು ಕಡಿಮೆ ಎಂದು ಹೇಳಲು ಅವರ ಓದಿನಲ್ಲಿ ಯಾವ ಪಾಠವೂ ಇಲ್ಲ.

ಮೆಮೋರಿಯಲ್‌ನಂಥ ಸ್ಥಿತಿ ಎದುರಾದರೆ ನಾನು ಕೇಳುವುದು ಇಷ್ಟು. ಬೆಡ್ ಪಕ್ಕದಲ್ಲಿ ಆರೈಕೆ ಮಾಡುವ ವೈದ್ಯರು ಮತ್ತು ಸರದಿ ತೀರ್ಮಾನಿಸುವವರು ಬೇರೆ ಬೇರೆ ಇರಲಿ. ತನ್ನ ರೋಗಿಗಾಗಿ ಜಗಳ ಆಡುವ ಒಬ್ಬರು ಯಾವಾಗಲೂ ಇರಬೇಕು. ಪಟ್ಟಿಯ ಮೇಲೆ ಅಂಕಿಯ ಜೊತೆ ಗಂಟೆಯನ್ನೂ ಬರೆಯಲಿ. ಇಷ್ಟು ಹೊತ್ತಿಗೆ ನೋಡಿದ್ದು, ಇಷ್ಟು ಹೊತ್ತಿಗೆ ಮತ್ತೆ ನೋಡಬೇಕು ಎಂದು. ಗಂಟೆ ದಾಟಿದ ಅಂಕಿಗೆ ಬೆಲೆ ಇಲ್ಲ ಎಂದು ಎಲ್ಲರಿಗೂ ಗೊತ್ತಿರಲಿ. ಹೊಸ ಹೆಲಿಕಾಪ್ಟರ್ ಇಳಿದಾಗ, ಹತ್ತು ಹೊಸ ಕೈಗಳು ಬಂದಾಗ, ಪಟ್ಟಿ ಮೊದಲಿಂದ ಶುರುವಾಗಲಿ. ಕಾಯಿಲೆಯಿಂದ ಹಿಂದೆ ಉಳಿದವರು ಯಾರು, ಹೊರಲು ಆಗದೆ ಹಿಂದೆ ಉಳಿದವರು ಯಾರು ಎಂದು ಬೇರೆ ಬೇರೆ ಬರೆಯಲಿ. ಮತ್ತು ಮನೆಯವರಿಗೆ ಸತ್ಯ ಹೇಳಲಿ. ನಿಮ್ಮ ಅಮ್ಮ ಈಗ ಕಾಯಬೇಕು, ಕಾರಣ ಇದು, ಸಂಜೆ ಮತ್ತೆ ನೋಡುತ್ತೇವೆ ಎಂದು. ಕೇಳುವವರಿಗೆ ಅದು ಕಹಿಯೇ. ಆದರೆ ಹಾಗೆ ಬಾಯಿಬಿಟ್ಟು ಹೇಳಬೇಕಾಗಿ ಬಂದರೆ, ಹೇಳಲಾಗದ ಕಾರಣಗಳು ಪಟ್ಟಿಯಿಂದ ತಾವಾಗೇ ಬಿದ್ದುಹೋಗುತ್ತವೆ.

ಮೆಮೋರಿಯಲ್‌ನ ಐಸಿಯುನಲ್ಲಿ ಇನ್ನೊಬ್ಬ ರೋಗಿ ಇದ್ದರು. ಅವರದ್ದೂ ಭಾರದ ದೇಹ. ಐಸಿಯು ರೋಗಿಗಳು ಮೊದಲು ಎಂಬ ನಿಯಮದ ಪ್ರಕಾರ ಅವರು ಮಂಗಳವಾರವೇ ಹೋಗಬೇಕಿತ್ತು. ಅವರನ್ನು ಹೊರಲು ಹೋಗಿ ಆ ಕಿರಿದಾದ ದಾರಿಯಲ್ಲಿ ಸಿಕ್ಕಿಕೊಂಡರೆ ಹಿಂದಿನ ಸಾಲೆಲ್ಲ ನಿಂತುಹೋಗುತ್ತದೆ ಎಂದು ಅವರನ್ನು ಎಲ್ಲರಿಗಿಂತ ಕೊನೆಗೆ ಇಟ್ಟರು. ಎರಡು ದಿನ ಕಾದರು. ಒಂದು ಹಂತದಲ್ಲಿ ಒಬ್ಬ ವೈದ್ಯರು ಅವರನ್ನು ನೋಡಿ ಸತ್ತಿದ್ದಾರೆ ಅಂದುಕೊಂಡರು. ಮೈ ಮುಟ್ಟಿದಾಗ ಅವರು ತಿರುಗಿ ನೋಡಿದರು. ಗುರುವಾರ ನಾಲ್ಕಾರು ಜನ ಸೇರಿ, ಗಾಲಿಕುರ್ಚಿಯನ್ನು ತಳ್ಳಿ ತಳ್ಳಿ ಅವರನ್ನು ಮೇಲೆ ಒಯ್ದು ಹೆಲಿಕಾಪ್ಟರಿಗೆ ಹತ್ತಿಸಿದರು. ಅವರು ಬದುಕಿದರು.